ಹವಳದ ಟ್ಯಾಂಕಿಗೆ ‘ಇನ್ನೊಂದು ಚಮಚ’ ಹಾಕುವ ಮುನ್ನ: ಸುಣ್ಣ, ಸೋಡಾ ಹೆಚ್ಚಾಗದಂತೆ ತಡೆಯುವುದು ಹೇಗೆ?

ಕಳೆದ ವರ್ಷ ಒಂದು ಸಂಜೆ, ಕಾಫಿ ಹೊತ್ತಿಗೆ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಕಳಿಸಿದ್ದು ಅಮೆರಿಕದ ಟೆಕ್ಸಸ್‌ನಲ್ಲಿರುವ ನನ್ನ ದೊಡ್ಡಪ್ಪನ ಮಗ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅಣ್ಣ ಆರು ವರ್ಷಗಳಿಂದ ಸಾಕುತ್ತಿದ್ದ ಹವಳದ ಅಕ್ವೇರಿಯಂ ರಾತ್ರೋರಾತ್ರಿ ಹಾಲಿನಂತೆ ಬೆಳ್ಳಗಾಗಿತ್ತು. ಒಳಗಿದ್ದ ಮೀನೂ ಕಾಣುತ್ತಿರಲಿಲ್ಲ, ಹವಳವೂ ಕಾಣುತ್ತಿರಲಿಲ್ಲ.

ಗುಂಪಿನಲ್ಲಿ ಸಲಹೆಗಳ ಮಳೆ ಶುರುವಾಯಿತು. ‘ಪಟಿಕ ಹಾಕಿ ತಿರುಗಿಸು ಮಾರಾಯ, ನಮ್ಮ ಬಾವಿ ನೀರು ತಿಳಿಯಾಗೋದು ಹಾಗೇ’ ಎಂದರು ಅತ್ತೆ. ‘ಎರಡು ನಿಂಬೆಹಣ್ಣು ಹಿಂಡು’ ಎಂದರು ಮಾವ. ಚಿಕ್ಕಪ್ಪ ಎಲ್ಲಿಂದಲೋ ಬಂದ ಫಾರ್ವರ್ಡ್ ಒಂದನ್ನು ಹಾಕಿದರು: ‘ಫಿಶ್ ಟ್ಯಾಂಕ್ ನೀರು ಬೆಳ್ಳಗಾದರೆ ಒಂದು ಚಮಚ ಅಡುಗೆ ಸೋಡಾ ಹಾಕಿ. ಎಲ್ಲರಿಗೂ ಶೇರ್ ಮಾಡಿ.’

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಆ ಟ್ಯಾಂಕಿಗೆ ಆಗಿದ್ದ ಕಾಯಿಲೆಯೇ ‘ಹೆಚ್ಚು ಬಿದ್ದದ್ದು’. ಸುಣ್ಣದ ನೀರು ಬೇಕಾದ್ದಕ್ಕಿಂತ ಮೂರು ಪಟ್ಟು ಬಿದ್ದಿತ್ತು. ಅದರ ಮೇಲೆ ಸೋಡಾ ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ನಾನು ಅಕ್ವೇರಿಯಂ ಪರಿಣತ ಅಲ್ಲ. ಸಂದೇಶಗಳು ಜನರ ನಡುವೆ ಹೇಗೆ ಹರಡುತ್ತವೆ ಎಂಬುದು ನನ್ನ ಅಧ್ಯಯನದ ವಿಷಯ. ಆದರೂ ಆ ಫೋಟೊ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಅಣ್ಣನ ಜೊತೆ ಕೂತು ಲೆಕ್ಕ ಹಾಕಿ, ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಹವಳಕ್ಕೂ ಸುಣ್ಣಕ್ಕೂ ಏನು ಸಂಬಂಧ?

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪುಟ್ಟ ಪುಟ್ಟ ಪ್ರಾಣಿಗಳ ಗುಂಪು. ಗಟ್ಟಿ ಹವಳಗಳು ತಮ್ಮ ಕೆಳಗೆ ತಾವೇ ಒಂದು ಮನೆ ಕಟ್ಟಿಕೊಳ್ಳುತ್ತವೆ. ಆ ಮನೆಯ ಸಾಮಗ್ರಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಪ್ಪೆಚಿಪ್ಪು, ಅಮೃತಶಿಲೆ ಎಲ್ಲದರಲ್ಲೂ ಇರುವುದು ಇದೇ ವಸ್ತು.

ಇದನ್ನು ಕಟ್ಟಲು ಹವಳ ನೀರಿನಿಂದ ಎರಡು ವಸ್ತುಗಳನ್ನು ಎಳೆದುಕೊಳ್ಳುತ್ತದೆ. ಒಂದು ಕ್ಯಾಲ್ಸಿಯಂ. ಇನ್ನೊಂದು ಕಾರ್ಬೊನೇಟ್, ಅಂದರೆ ನೀರಿನ ‘ಕ್ಷಾರೀಯತೆ’ಯ ಮುಖ್ಯ ಭಾಗ. ಆಮ್ಲ ಬಿದ್ದರೂ ನೀರು ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದರ ಅಳತೆಯೇ ಕ್ಷಾರೀಯತೆ. ಅಕ್ವೇರಿಯಂ ಸಾಕುವವರು ಇದನ್ನು ‘ಡಿಕೆಎಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಮುದ್ರದ ನೀರಿನಲ್ಲಿ ಇದು ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ, ಪಿಎಚ್ ಸುಮಾರು 8.1.

ಕಡಲು ದೊಡ್ಡದು, ಅಲ್ಲಿ ಖಾಲಿಯಾಗುವ ಮಾತಿಲ್ಲ. 200 ಲೀಟರ್ ಟ್ಯಾಂಕಿನಲ್ಲಿ ದಿನಾ ಖಾಲಿಯಾಗುತ್ತದೆ. ಹಾಗಾಗಿ ಸಾಕುವವರು ದಿನಾ ತುಂಬಿಸಬೇಕು. ಇದಕ್ಕೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಾವನ್ನು ಬೇರೆ ಬೇರೆ ಬಾಟಲಿಯಲ್ಲಿ ಕರಗಿಸಿ ಹಾಕುವುದು. ಇನ್ನೊಂದು, ಸುಣ್ಣದ ತಿಳಿನೀರು. ಇದಕ್ಕೆ ಹವ್ಯಾಸಿಗಳು ‘ಕಾಲ್ಕ್‌ವಾಸರ್’ ಎನ್ನುತ್ತಾರೆ. ಹೆಸರು ದೊಡ್ಡದು, ಆದರೆ ಜರ್ಮನ್ ಭಾಷೆಯಲ್ಲಿ ಅದರ ಅರ್ಥ ‘ಸುಣ್ಣದ ನೀರು’ ಅಷ್ಟೇ. ಆವಿಯಾಗಿ ಹೋದ ನೀರಿನ ಬದಲು ಈ ತಿಳಿಯನ್ನೇ ಹನಿ ಹನಿಯಾಗಿ ಬಿಡುತ್ತಾರೆ.

ಹೆಚ್ಚಾದರೆ ಏನಾಗುತ್ತದೆ?

ಎಲೆ ಅಡಿಕೆಗೆ ಸುಣ್ಣ ಬೇಕು. ಒಂದಿಷ್ಟು ಹೆಚ್ಚಾದರೆ ಬಾಯಿ ಸುಡುತ್ತದೆ. ಟ್ಯಾಂಕಿನಲ್ಲೂ ಕಥೆ ಇದೇ. ಸುಣ್ಣದ ತಿಳಿಯ ಪಿಎಚ್ ಸುಮಾರು 12.4. ಹವಳದ ಟ್ಯಾಂಕ್ ನೆಮ್ಮದಿಯಾಗಿರುವುದು ಸುಮಾರು 7.8ರಿಂದ 8.5ರ ನಡುವೆ.

ಪಿಎಚ್ ಲೆಕ್ಕದಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. 8.2 ಇದ್ದದ್ದು 9.2 ಆದರೆ ‘ಸ್ವಲ್ಪ ಏರಿತು’ ಎಂದಲ್ಲ, ಕ್ಷಾರದ ಖಾರ ಹತ್ತು ಪಟ್ಟಾಯಿತು ಎಂದರ್ಥ. ಮೀನಿನ ಕಿವಿರು, ಹವಳದ ಮೈ ಎರಡಕ್ಕೂ ಇದು ಪೆಟ್ಟು. ಜೊತೆಗೆ ನೀರಿನಲ್ಲಿ ಅಮೋನಿಯಾ ಸ್ವಲ್ಪವೇ ಇದ್ದರೂ, ಪಿಎಚ್ ಏರಿದಂತೆ ಅದು ಹೆಚ್ಚು ವಿಷಕಾರಿ ರೂಪಕ್ಕೆ ತಿರುಗುತ್ತದೆ.

ಇನ್ನು ನೀರು ಬೆಳ್ಳಗಾಗುವುದು ಯಾಕೆ? ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅತಿಯಾದಾಗ ಅವು ಹವಳಕ್ಕಾಗಿ ಕಾಯದೆ ನೀರಿನಲ್ಲೇ ಕೂಡಿ ಸಣ್ಣ ಪುಡಿಯಾಗುತ್ತವೆ. ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಜಾತಿಯದ್ದು ಇದು. ಟ್ಯಾಂಕಿನ ಪಂಪ್, ಹೀಟರ್ ಮೇಲೂ ಹೀಗೆಯೇ ಕಟ್ಟುತ್ತದೆ. ಆ ಬಿಳಿ ಪುಡಿ ಸ್ವತಃ ದೊಡ್ಡ ವಿಷವಲ್ಲ. ಅಪಾಯವಿರುವುದು ಅದರ ಹಿಂದಿರುವ ಪಿಎಚ್ ಜಿಗಿತದಲ್ಲಿ.

ಅಣ್ಣನ ಟ್ಯಾಂಕಿನಲ್ಲಿ ಆಗಿದ್ದೇನು?

ಅವನ ಟ್ಯಾಂಕಿನಲ್ಲಿ ನಿಜವಾಗಿ ಇರುವ ನೀರು ಸುಮಾರು 200 ಲೀಟರ್. ದಿನಕ್ಕೆ ಸುಮಾರು 3 ಲೀಟರ್ ಆವಿಯಾಗುತ್ತದೆ. ಅದನ್ನು ತುಂಬಿಸಲು ಪಕ್ಕದಲ್ಲಿ 20 ಲೀಟರಿನ ಡಬ್ಬಿಯಲ್ಲಿ ಸುಣ್ಣದ ತಿಳಿ. ನೀರಿನ ಮಟ್ಟ ಇಳಿದರೆ ತೇಲುವ ಸ್ವಿಚ್ ಕೆಳಗಿಳಿದು ಪಂಪ್ ಚಾಲೂ ಆಗುತ್ತದೆ, ಮಟ್ಟ ಏರಿದರೆ ಸ್ವಿಚ್ ಮೇಲೆದ್ದು ಪಂಪ್ ನಿಲ್ಲುತ್ತದೆ. ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕಿನ ಸ್ವಿಚ್ಚಿನಂತೆಯೇ.

ಆ ರಾತ್ರಿ ಒಂದು ಪುಟ್ಟ ಬಸವನಹುಳ ಸ್ವಿಚ್ಚಿನ ಮೇಲೆ ಹತ್ತಿ ಕೂತಿತ್ತು. ಸ್ವಿಚ್ ಮೇಲೇಳಲಿಲ್ಲ, ಪಂಪ್ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಸುಮಾರು 10 ಲೀಟರ್ ತಿಳಿ ಒಳಗೆ ಹೋಗಿತ್ತು.

ಚೆನ್ನಾಗಿ ಕರಗಿದ ಸುಣ್ಣದ ತಿಳಿ 100 ಲೀಟರ್ ಟ್ಯಾಂಕಿಗೆ 1 ಲೀಟರ್ ಬಿದ್ದರೆ ಕ್ಷಾರೀಯತೆ ಸುಮಾರು 1.1 ಡಿಕೆಎಚ್ ಏರುತ್ತದೆ. ಅಣ್ಣನ ಟ್ಯಾಂಕಿಗೆ ಬಿದ್ದದ್ದು ಆ ಲೆಕ್ಕದಲ್ಲಿ ಸುಮಾರು 5.7 ಡಿಕೆಎಚ್‌ನಷ್ಟು. ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರುಪೇರು ಮಾಡಬಾರದು ಎಂಬುದು ಈ ಹವ್ಯಾಸದಲ್ಲಿ ಎಲ್ಲರೂ ಹೇಳುವ ಮಾತು. ಅಷ್ಟೇ ಅಲ್ಲ, ಸುಣ್ಣದ ತಿಳಿಯಲ್ಲಿ ಉಪ್ಪಿಲ್ಲವಾದ್ದರಿಂದ ನೀರಿನ ಉಪ್ಪೂ ತೆಳುವಾಯಿತು.

ಮೀನುಗಳು ಬದುಕಿದವು. ಕೊಂಬೆ ಕೊಂಬೆಯಾಗಿ ಬೆಳೆಯುವ ನಾಲ್ಕು ಹವಳಗಳ ಮೈ ಮುಂದಿನ ವಾರದಲ್ಲಿ ಸುಲಿದು ಹೋಯಿತು, ಬಿಳಿ ಅಸ್ಥಿಪಂಜರ ಮಾತ್ರ ಉಳಿಯಿತು. ಅವುಗಳಲ್ಲಿ ಒಂದನ್ನು ಅವನು ಹೆಬ್ಬೆರಳಿನಷ್ಟಿದ್ದಾಗ ತಂದು ಅಂಗೈಯಗಲ ಬೆಳೆಸಿದ್ದ.

ಅಣ್ಣ ಅಜಾಗರೂಕ ಮನುಷ್ಯ ಅಲ್ಲ. ಪ್ರತಿ ವಾರ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುವವನು. ಹಾಗಾದರೆ ಅವನ ತಪ್ಪೇನು?

ಒಂದೇ ಪ್ರಶ್ನೆ: ಡಬ್ಬಿ ಪೂರ್ತಿ ಖಾಲಿಯಾದರೆ?

ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ‘ದಿನಕ್ಕೆ ಎಷ್ಟು ಹಾಕಬೇಕು?’ ಎಂದು. ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ: ‘ಪಕ್ಕದಲ್ಲಿಟ್ಟ ಡಬ್ಬಿಯಲ್ಲಿರುವುದೆಲ್ಲ ಒಮ್ಮೆಲೇ ಒಳಗೆ ಬಿದ್ದರೆ ಟ್ಯಾಂಕ್ ಉಳಿಯುತ್ತದೆಯೇ?’

ಅಡುಗೆ ಸೋಡಾದ ಲೆಕ್ಕ ನೋಡಿ. 100 ಲೀಟರ್ ನೀರಿನ ಕ್ಷಾರೀಯತೆಯನ್ನು 1 ಡಿಕೆಎಚ್ ಏರಿಸಲು ಬೇಕಾದ್ದು ಸುಮಾರು 3 ಗ್ರಾಂ. ಟ್ಯಾಂಕ್ ದಿನಕ್ಕೆ 1 ಡಿಕೆಎಚ್ ಬಳಸುತ್ತದೆ ಎಂದಿಟ್ಟುಕೊಳ್ಳಿ.

- ಒಂದು ಲೀಟರ್ ಬಾಟಲಿಯಲ್ಲಿ 90 ಗ್ರಾಂ ಕರಗಿಸಿಟ್ಟರೆ ಒಂದು ತಿಂಗಳಿಗೆ ಸಾಕು. ತುಂಬ ಅನುಕೂಲ. ಆದರೆ ಪಂಪ್ ಕೈಕೊಟ್ಟು ಪೂರ್ತಿ ಬಿದ್ದರೆ 30 ಡಿಕೆಎಚ್‌ನಷ್ಟು ಹೊರೆ. ಟ್ಯಾಂಕ್ ಮುಗಿದಂತೆ.
- ಅದೇ ಬಾಟಲಿಯಲ್ಲಿ 6 ಗ್ರಾಂ ಮಾತ್ರ ಇದ್ದರೆ ಎರಡು ದಿನಕ್ಕೆ ಬರುತ್ತದೆ. ಪೂರ್ತಿ ಬಿದ್ದರೂ 2 ಡಿಕೆಎಚ್. ಹವಳಕ್ಕೆ ಕಿರಿಕಿರಿ, ಆದರೆ ಸುಧಾರಿಸಿಕೊಳ್ಳಬಹುದು.

ಪಂಪ್ ಅದೇ, ಸೋಡಾ ಅದೇ, ಮನುಷ್ಯನೂ ಅವನೇ. ಬದಲಾದದ್ದು ಡಬ್ಬಿಯಲ್ಲಿದ್ದ ಪ್ರಮಾಣ ಮಾತ್ರ. ಅಣ್ಣನ ಡಬ್ಬಿಯಲ್ಲಿ ಆರೇಳು ದಿನದ ಸುಣ್ಣದ ತಿಳಿ ಒಟ್ಟಿಗೇ ಇತ್ತು. ಅದು ಪೂರ್ತಿ ಖಾಲಿಯಾಗಿದ್ದರೆ 11 ಡಿಕೆಎಚ್ ದಾಟುತ್ತಿತ್ತು. ಯಂತ್ರ ಎಂದಾದರೂ ಕೈಕೊಡುತ್ತದೆ, ಮನುಷ್ಯನೂ ಒಂದು ದಿನ ಮರೆಯುತ್ತಾನೆ. ಡಬ್ಬಿಯಲ್ಲಿ ಇಲ್ಲದ ಸುಣ್ಣ ಮಾತ್ರ ಎಂದೂ ಟ್ಯಾಂಕಿಗೆ ಬೀಳುವುದಿಲ್ಲ.

ಈಗ ಅವನು 4 ಲೀಟರಿನ ಡಬ್ಬಿ ಇಟ್ಟಿದ್ದಾನೆ, ತಿಳಿಯ ಗಾಢತೆಯನ್ನೂ ಅರ್ಧಕ್ಕೆ ಇಳಿಸಿದ್ದಾನೆ. ಪೂರ್ತಿ ಬಿದ್ದರೂ ಸುಮಾರು 1.1 ಡಿಕೆಎಚ್. ಕಡಿಮೆ ಬಿದ್ದದ್ದನ್ನು ಬೇರೆ ಎರಡು ಸಣ್ಣ ಬಾಟಲಿಗಳಿಂದ ತುಂಬಿಸುತ್ತಾನೆ. ಡಬ್ಬಿಯನ್ನು ದಿನಾ ತುಂಬಿಸಬೇಕು, ನಿಜ. ಅದಕ್ಕೆ ಹಲ್ಲುಜ್ಜುವಷ್ಟು ಹೊತ್ತು ಸಾಕು.

ಕ್ಯಾಲ್ಸಿಯಂಗಿಂತ ಕ್ಷಾರೀಯತೆಯ ಬಗ್ಗೆಯೇ ಯಾಕಿಷ್ಟು ಎಚ್ಚರ ಎಂದು ಕೇಳಬಹುದು. ಹವಳ ಮನೆ ಕಟ್ಟುವಾಗ 20 ಪಿಪಿಎಂ ಕ್ಯಾಲ್ಸಿಯಂ ಬಳಸಿದರೆ ಜೊತೆಗೆ 2.8 ಡಿಕೆಎಚ್ ಕ್ಷಾರೀಯತೆ ಹೋಗುತ್ತದೆ. 420ರಲ್ಲಿ 20 ಎಂದರೆ ಹಿಡಿಯಷ್ಟು. 7 ಅಥವಾ 8ರಲ್ಲಿ 2.8 ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಉಳಿತಾಯ ಕಡಿಮೆ ಇರುವ ಖಾತೆಯಲ್ಲಿ ಏರುಪೇರು ಬೇಗ ಕಾಣುತ್ತದೆ.

ಹೆಚ್ಚು ಬೀಳುವ ದಾರಿಗಳು ಯಾವುವು, ತಡೆಯುವುದು ಹೇಗೆ?

1. ಟ್ಯಾಂಕಿನ ಅಳತೆ ತಪ್ಪು. ಅಂಗಡಿಯವರು 200 ಲೀಟರ್ ಎಂದ ಟ್ಯಾಂಕಿನಲ್ಲಿ ಕಲ್ಲು, ಮರಳು ಜಾಗ ತಿಂದ ಮೇಲೆ 200 ಲೀಟರ್ ನೀರು ಇರುವುದಿಲ್ಲ. ಮೊದಲ ಸಲ ತುಂಬಿಸುವಾಗಲೇ ಎಷ್ಟು ಲೀಟರ್ ಹಿಡಿಯಿತು ಎಂದು ಬರೆದಿಡಿ. ಲೆಕ್ಕವೆಲ್ಲ ಆ ಅಂಕಿಯ ಮೇಲೆ.

2. ಅಳತೆಯ ಭಾಷೆ ಬೇರೆ. 8 ಡಿಕೆಎಚ್ ಎಂದರೂ 143 ಪಿಪಿಎಂ ಎಂದರೂ ಒಂದೇ. ಒಂದು ಕಿಟ್ ಪಿಪಿಎಂನಲ್ಲಿ ತೋರಿಸುತ್ತದೆ, ಬಾಟಲಿಯ ಮೇಲೆ ಡಿಕೆಎಚ್‌ನಲ್ಲಿ ಬರೆದಿರುತ್ತದೆ. ಬ್ರ್ಯಾಂಡ್ ಬದಲಾಯಿಸಿದಾಗ ‘ಹಳೆಯದರಷ್ಟೇ ಮಿಲಿ’ ಹಾಕಬೇಡಿ. ಗಾಢತೆ ಬೇರೆ ಇರಬಹುದು.

3. ಸೋಡಾಗಳೆಲ್ಲ ಒಂದೇ ಅಲ್ಲ. 3 ಗ್ರಾಂ ಅಡುಗೆ ಸೋಡಾ ಮಾಡುವ ಕೆಲಸಕ್ಕೆ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ ಸುಮಾರು 1.9 ಗ್ರಾಂ ಸಾಕು, ಅದು ಪಿಎಚ್ಚನ್ನೂ ಹೆಚ್ಚು ಏರಿಸುತ್ತದೆ. ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಅದರಲ್ಲಿ ಆಮ್ಲ ಮತ್ತು ಪಿಷ್ಟ ಇರುತ್ತವೆ. ಅದನ್ನು ಟ್ಯಾಂಕಿಗೆ ಹಾಕಲೇಬಾರದು. ಚಮಚ ಬಿಟ್ಟು ಗ್ರಾಂ ತಕ್ಕಡಿ ಬಳಸಿ. ಒಂದು ಟೀ ಚಮಚ ಅಡುಗೆ ಸೋಡಾ ಸುಮಾರು 5 ಗ್ರಾಂ, ‘ಗೋಪುರ’ ಮಾಡಿದರೆ ಎಷ್ಟೋ!

4. ಒಂದೇ ಪರೀಕ್ಷೆ ನಂಬಿ ಹಾಕುವುದು. ಅವಧಿ ಮುಗಿದ ಕಿಟ್ ‘ಕಡಿಮೆ ಇದೆ’ ಎಂದು ಸುಳ್ಳು ಹೇಳಬಹುದು. ನಿನ್ನೆ 8 ಇದ್ದದ್ದು ಇಂದು 5 ಎಂದು ತೋರಿಸಿದರೆ ಮೊದಲು ಅನುಮಾನಿಸಬೇಕಾದ್ದು ಕಿಟ್ಟನ್ನು. ಇನ್ನೊಮ್ಮೆ, ಸಾಧ್ಯವಾದರೆ ಬೇರೆ ಕಿಟ್‌ನಲ್ಲಿ, ಅಳೆದು ನೋಡಿ.

5. ಇಬ್ಬರು ಹಾಕುವುದು. ಮಗುವಿಗೆ ಜ್ವರ ಬಂದಾಗ ಅಮ್ಮ ಎಂಟು ಗಂಟೆಗೆ ಸಿರಪ್ ಕೊಟ್ಟಿರುತ್ತಾಳೆ, ಗೊತ್ತಿಲ್ಲದ ಅಜ್ಜಿ ಒಂಬತ್ತಕ್ಕೆ ಇನ್ನೊಮ್ಮೆ ಕೊಡುತ್ತಾರೆ. ಟ್ಯಾಂಕಿಗೂ ಹೀಗಾಗುತ್ತದೆ. ಹಾಕುವವರು ಒಬ್ಬರೇ ಇರಲಿ. ಹಾಕಿದ ತಕ್ಷಣ ಟ್ಯಾಂಕಿಗೆ ಅಂಟಿಸಿದ ಚೀಟಿಯಲ್ಲಿ ಗುರುತು ಹಾಕಲಿ. ಊರಿಗೆ ಹೋಗುವಾಗ ನೆರೆಯವರ ಕೈಗೆ ದೊಡ್ಡ ಬಾಟಲಿ ಕೊಡದೆ, ದಿನಕ್ಕೊಂದರಂತೆ ಅಳೆದು ತುಂಬಿದ ಪುಟ್ಟ ಸೀಸೆಗಳನ್ನು ಕೊಡಿ.

6. ಪೈಪ್ ತಾನಾಗಿ ಎಳೆದುಕೊಳ್ಳುವುದು. ಬ್ಯಾರಲ್‌ನಿಂದ ಪೈಪ್ ಹಾಕಿ, ಬಾಯಿಂದ ಒಮ್ಮೆ ಎಳೆದು ನೀರು ಹರಿಸುತ್ತೇವಲ್ಲ, ಅದೇ ತತ್ವ. ಡಬ್ಬಿ ಟ್ಯಾಂಕಿಗಿಂತ ಎತ್ತರದಲ್ಲಿದ್ದರೆ, ಪಂಪ್ ನಿಂತ ಮೇಲೂ ದ್ರಾವಣ ಹರಿಯುತ್ತಲೇ ಇರಬಹುದು. ಡಬ್ಬಿಯನ್ನು ಕೆಳಗಿಡಿ, ಪೈಪಿನ ತುದಿ ನೀರಿಗೆ ಮುಳುಗದೆ ಮೇಲೆಯೇ ಇರಲಿ. ಹನಿ ಬೀಳುವುದು ಕಣ್ಣಿಗೆ ಕಾಣಬೇಕು.

7. ಸ್ವಿಚ್ ಅಂಟಿಕೊಳ್ಳುವುದು. ತೇಲುವ ಸ್ವಿಚ್ ಒಂದೇ ಇದ್ದರೆ ಸಾಲದು. ಅದರ ಮೇಲ್ಗಡೆ ಇನ್ನೊಂದು ಇರಲಿ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಪಂಪ್ ನಿಲ್ಲಿಸಬೇಕು. ಪಂಪಿನ ಪ್ಲಗ್ಗನ್ನು ಬೇರೆಯದೇ ಒಂದು ಟೈಮರ್ ಮೂಲಕ ಕೊಡಿ. ದಿನಕ್ಕೆ ಹತ್ತು ನಿಮಿಷ ಮಾತ್ರ ಕರೆಂಟ್ ಸಿಗುವ ಪಂಪ್ ಹನ್ನೊಂದನೇ ನಿಮಿಷ ಓಡಲಾರದು. ಕರೆಂಟ್ ಹೋಗಿ ಬಂದಾಗಲೆಲ್ಲ ಟೈಮರಿನ ಗಂಟೆ ಸರಿಯಿದೆಯೇ ನೋಡಿ.

8. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ. ಕ್ಯಾಲ್ಸಿಯಂ ಮತ್ತು ಸೋಡಾವನ್ನು ಒಟ್ಟಿಗೆ ಸುರಿದರೆ ಅಲ್ಲೇ ಬಿಳಿ ಪುಡಿಯಾಗುತ್ತವೆ. ನೀರು ರಭಸವಾಗಿ ಹರಿಯುವ ಜಾಗದಲ್ಲಿ, ನಡುವೆ ಬಿಡುವು ಕೊಟ್ಟು ಹಾಕಿ. ಟ್ಯಾಂಕಿನ ನೀರು ತಿರುಗಿಸುವ ಮುಖ್ಯ ಪಂಪ್ ನಿಂತಾಗ ಔಷಧದ ಪಂಪ್ ಕೂಡ ನಿಲ್ಲುವಂತಿರಬೇಕು.

ಗುಂಪಿನಲ್ಲಿ ಬಂದ ಸಲಹೆಗಳು ನಿಜವೇ?

‘ಪಟಿಕ ಹಾಕಿದರೆ ತಿಳಿಯಾಗುತ್ತದೆ.’ ಕುಡಿಯುವ ನೀರಿನ ಮಣ್ಣಿನ ಕಣಗಳನ್ನು ತಳಕ್ಕಿಳಿಸಲು ಪಟಿಕ ಬಳಸುವುದು ನಿಜ. ನೀರು ಶುದ್ಧೀಕರಣ ಘಟಕಗಳಲ್ಲೂ ಬಳಸುತ್ತಾರೆ. ಆದರೆ ಅದು ಹಾಗೆ ಕೆಲಸ ಮಾಡುವಾಗ ನೀರಿನ ಕ್ಷಾರೀಯತೆಯನ್ನು ತಿಂದುಹಾಕುತ್ತದೆ, ಜೊತೆಗೆ ಟ್ಯಾಂಕಿಗೆ ಅಲ್ಯೂಮಿನಿಯಂ ಸೇರಿಸುತ್ತದೆ. ಹವಳದ ಟ್ಯಾಂಕಿಗೆ ಬೇಡ.

‘ನಿಂಬೆ ಹಿಂಡಿ.’ ಕ್ಷಾರ ಹೆಚ್ಚಾದರೆ ಆಮ್ಲ ಬೇಕು ಎಂಬ ತರ್ಕ ಸರಿ. ಆದರೆ ಎಷ್ಟು ಹಣ್ಣು, ಎಷ್ಟು ಹುಳಿ? ಅಳತೆಯಿಲ್ಲದ ಆಮ್ಲ ಹಾಕಿದರೆ ಪಿಎಚ್ ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಪ್ರಾಣಿಗಳಿಗೆ ಅದು ಎರಡನೇ ಪೆಟ್ಟು.

‘ಅಡುಗೆ ಸೋಡಾ ಹಾಕಿ.’ ಹೆಚ್ಚಾಗಿರುವುದನ್ನೇ ಇನ್ನಷ್ಟು ಹೆಚ್ಚಿಸುವ ಸಲಹೆ ಇದು. ನೀರು ಬೆಳ್ಳಗಾಗಲು ಬ್ಯಾಕ್ಟೀರಿಯಾ ಕಾರಣವಿರಬಹುದು, ಮರಳು ಕದಡಿರಬಹುದು, ಸುಣ್ಣ ಹೆಚ್ಚಾಗಿರಬಹುದು. ಕಾರಣ ಬೇರೆಯಾದರೆ ಪರಿಹಾರವೂ ಬೇರೆ. ಬಣ್ಣ ನೋಡಿ ಮದ್ದು ಹೇಳುವ ಫಾರ್ವರ್ಡ್ ಯಾವ ಕಾರಣವನ್ನೂ ಕೇಳುವುದಿಲ್ಲ.

ಹೆಚ್ಚಾಗಿಯೇ ಹೋದರೆ ಏನು ಮಾಡಬೇಕು?

- ಮೊದಲು ಔಷಧದ ಪಂಪಿನ ಪ್ಲಗ್ ಕಿತ್ತುಬಿಡಿ. ನೀರು ತಿರುಗಿಸುವ ಪಂಪ್ ಮಾತ್ರ ಓಡುತ್ತಿರಲಿ.
- ಪಿಎಚ್, ಕ್ಷಾರೀಯತೆ, ಉಪ್ಪಿನಂಶ ಅಳೆಯಿರಿ. ಅಳೆಯುವವರೆಗೆ ಏನನ್ನೂ ಹಾಕಬೇಡಿ.
- ನೀರಿಗೆ ಗಾಳಿ ಹಾಯಿಸಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ ನಿಧಾನವಾಗಿ ಇಳಿಯುತ್ತದೆ. ಪಿಎಚ್ 8.5ರ ಆಸುಪಾಸಿನಲ್ಲಿದ್ದರೆ ಇಷ್ಟೇ ಸಾಕು.
- ಪಿಎಚ್ 9ರತ್ತ ಹೋಗಿದ್ದರೆ, ಅನುಭವಿಗಳು ಉಪ್ಪು, ಸಕ್ಕರೆ, ರುಚಿ ಏನೂ ಇಲ್ಲದ ಸೋಡಾ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಪ್ರತಿ ಸಲ ಹಾಕಿದ ಮೇಲೂ ಪಿಎಚ್ ನೋಡುತ್ತಾರೆ. ಅದರಲ್ಲಿರುವುದೂ ಇಂಗಾಲದ ಡೈಆಕ್ಸೈಡೇ. ಅಳೆಯುವ ಮೀಟರ್ ಇಲ್ಲದಿದ್ದರೆ ಈ ಪ್ರಯೋಗ ಬೇಡ.
- ಅದೇ ಉಪ್ಪಿನಂಶ, ಅದೇ ಉಷ್ಣತೆಯ ಹೊಸ ನೀರಿನಿಂದ ಸ್ವಲ್ಪ ಭಾಗ ಬದಲಾಯಿಸಿ. ಪೂರ್ತಿ ಬದಲಾಯಿಸಬೇಡಿ.
- ಮರುದಿನ ಮತ್ತೆ ಅಳೆಯಿರಿ. ಬಿಳಿ ಪುಡಿ ತಳ ಸೇರಿದ ಮೇಲೆ ಕ್ಷಾರೀಯತೆ ಹೆಚ್ಚಿರುವ ಬದಲು ಕಡಿಮೆಯೇ ಆಗಿರಬಹುದು. ಅಂದಾಜಿನ ಮೇಲೆ ಮುಂದಿನ ಡೋಸ್ ಹಾಕಬೇಡಿ.

ಎಷ್ಟೋ ಟ್ಯಾಂಕುಗಳು ಸಾಯುವುದು ಮೊದಲ ಅವಘಡದಿಂದಲ್ಲ, ಗಾಬರಿಯಲ್ಲಿ ಮಾಡಿದ ‘ಸರಿಪಡಿಸುವ’ ಕೆಲಸದಿಂದ.

ಹವಳ ಸಾಕದವರಿಗೂ ಎರಡು ಮಾತು

ಮನೆಯಲ್ಲಿ ಗೋಲ್ಡ್ ಫಿಶ್ ಮಾತ್ರ ಇದೆಯೇ? ಈ ಲೆಕ್ಕ ನಿಮಗೂ ಅನ್ವಯಿಸುತ್ತದೆ. ಕ್ಲೋರಿನ್ ತೆಗೆಯುವ ಹನಿ ಇರಲಿ, ಮೀನಿನ ರೋಗದ ಔಷಧ ಇರಲಿ, ‘ನಾಲ್ಕು ಹನಿ ಹೆಚ್ಚು ಬಿದ್ದರೆ ಒಳ್ಳೆಯದೇ’ ಎಂಬ ಮಾತು ಸುಳ್ಳು. ತಾಮ್ರವಿರುವ ಔಷಧ ಮೀನಿನ ರೋಗಕ್ಕೆ ಮದ್ದಾದರೆ ಸಿಗಡಿ, ಹವಳಗಳಿಗೆ ವಿಷ. ಸೊಳ್ಳೆಗೆ ಹೊಡೆಯುವ ಸ್ಪ್ರೇಯನ್ನು ಟ್ಯಾಂಕ್ ಇರುವ ಕೋಣೆಯಲ್ಲಿ ಬಳಸಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್‌ಗಳು ಮೀನಿಗೆ ಬಹಳ ಅಪಾಯಕಾರಿ.

ಮಕ್ಕಳಿರುವ ಮನೆಯಲ್ಲಿ ಸುಣ್ಣ ಕೈಗೆಟಕದಂತಿಡಿ. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಒಡೆದು ಕಣ್ಣಿಗೆ ಸಿಡಿದು ಮಕ್ಕಳು ದೃಷ್ಟಿ ಕಳೆದುಕೊಂಡದ್ದುಂಟು. ಕಣ್ಣಿಗೆ ಬಿದ್ದರೆ ತಕ್ಷಣ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸುತ್ತಾ ತೊಳೆದು, ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ.

ಇನ್ನು ‘ಕಡಲಿಂದಲೇ ಒಂದು ಹವಳ ತಂದು ಸಾಕೋಣ’ ಎಂಬ ಆಸೆ ಬೇಡ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲೇ ಇವೆ. ಅವನ್ನು ಕೀಳುವುದು, ಮಾರುವುದು ಅಪರಾಧ.

ಕೊನೆಗೆ

ಅಣ್ಣ ಅಂದು ಗುಂಪಿನ ಯಾವ ಸಲಹೆಯನ್ನೂ ಪಾಲಿಸಲಿಲ್ಲ. ಪಂಪ್ ನಿಲ್ಲಿಸಿ, ಕಿಟಕಿ ತೆರೆದು, ಅಳೆಯುತ್ತಾ ಕೂತ. ಎರಡನೇ ದಿನ ನೀರು ತಿಳಿಯಾಯಿತು. ಮೂರನೇ ದಿನ ಮೀನು ಆಹಾರ ತಿಂದ ವಿಡಿಯೊ ಕಳಿಸಿದ. ‘ಪಟಿಕ ಹಾಕಿದ್ಯಾ?’ ಎಂದು ಅತ್ತೆ ಕೇಳಿದರು. ‘ಏನೂ ಹಾಕ್ಲಿಲ್ಲ ಅತ್ತೆ, ಅದಕ್ಕೇ ಉಳೀತು’ ಎಂದ.

ಟ್ಯಾಂಕಿಗೆ ಏನಾದರೂ ಹಾಕುವವರು ನಿಮ್ಮ ಪರಿಚಯದಲ್ಲಿದ್ದರೆ ಈ ಒಂದು ಪ್ರಶ್ನೆಯನ್ನು ಅವರಿಗೆ ಕಳಿಸಿ: ನಿನ್ನ ಡಬ್ಬಿಯಲ್ಲಿರುವುದೆಲ್ಲ ಇವತ್ತು ರಾತ್ರಿಯೇ ಒಳಗೆ ಬಿದ್ದರೆ ಬೆಳಗ್ಗೆ ಟ್ಯಾಂಕ್ ಬದುಕಿರುತ್ತದೆಯೇ? ಉತ್ತರ ‘ಇಲ್ಲ’ ಎಂದಾದರೆ, ಇವತ್ತೇ ಡಬ್ಬಿ ಚಿಕ್ಕದು ಮಾಡಲಿ.